ನಮ್ಮವರು ವೆಂಟಿಲೇಟರ್ ಮೇಲಿದ್ದಾಗ ಡಾಕ್ಟರ್ ಹತ್ತಿರ ಏನೇನು ಕೇಳಬೇಕು

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಐಸಿಯು ಡಾಕ್ಟರ್ ಹೊರಗೆ ಬಂದು ಮಾತಾಡುವುದೇ ಐದು ನಿಮಿಷ, ಆ ಗಾಬರಿಯಲ್ಲಿ ಕೇಳಬೇಕಾದದ್ದು ಒಂದೂ ನೆನಪಾಗುವುದಿಲ್ಲ. ನಮ್ಮ ಅಪ್ಪನ ಸಮಯದಲ್ಲಿ ನಾನು ಸುಮ್ನೆ ತಲೆ ಆಡಿಸಿ ಬಂದಿದ್ದೆ.

ಎಆರ್‌ಡಿಎಸ್ ಅಂತ ಹೇಳಿದರೆ, ನ್ಯುಮೋನಿಯಾ, ರಕ್ತದ ಸೋಂಕಿನಂಥ ಕಾರಣದಿಂದ ಶ್ವಾಸಕೋಶದ ಒಳಗೆ ನೀರು ತುಂಬಿದೆ ಅಂತ ಅರ್ಥ. ಆಗ ಮೊದಲ ಪ್ರಶ್ನೆ: 'ಇವರ ಎತ್ತರ ಅಳೆದಿದ್ದೀರಾ?' ವಿಚಿತ್ರ ಅನಿಸಬಹುದು. ಆದರೆ ಮನುಷ್ಯ ದಪ್ಪ ಆದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ, ಅಲ್ವಾ? ಅದಕ್ಕೇ ಪ್ರತಿ ಉಸಿರಿಗೆ ಎಷ್ಟು ಗಾಳಿ ಅನ್ನುವುದನ್ನು ಎತ್ತರ ನೋಡಿ ಲೆಕ್ಕ ಹಾಕುತ್ತಾರೆ. 2000ರಲ್ಲಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಪ್ರತಿ ಉಸಿರಿಗೆ ಕೆಜಿಗೆ (ಈಗಿನ ತೂಕ ಅಲ್ಲ, ಎತ್ತರಕ್ಕೆ ತಕ್ಕಂತೆ ಲೆಕ್ಕ ಹಾಕಿದ ತೂಕ) 12 ಎಂಎಲ್ ಬದಲು 6 ಎಂಎಲ್ ಗಾಳಿ ಕೊಟ್ಟಾಗ ಸಾವು ನೂರಕ್ಕೆ ಸುಮಾರು 40ರಿಂದ 31ಕ್ಕೆ ಇಳಿಯಿತು.

ಎರಡನೆಯದು, 'ಬೋರಲು ಮಲಗಿಸುತ್ತೀರಾ?' ಇದನ್ನು ನೋಡಿದಾಗ ಹೆದರಬೇಡಿ. ಅಪ್ಪನನ್ನು ಮೊದಲ ಸಲ ಹಾಗೆ ನೋಡಿದಾಗ ನನಗೆ ಅಳು ಬಂತು: ಎದೆ ಕೆಳಗೆ ದಿಂಬು, ಮುಖ ಒಂದು ಕಡೆ ತಿರುಗಿ ಊದಿಕೊಂಡಿತ್ತು, ಕಣ್ಣಿನ ಮೇಲೆ ಟೇಪ್. ಆದರೆ ಅಂಗಾತ ಮಲಗಿದವರ ಶ್ವಾಸಕೋಶದ ಬೆನ್ನಿನ ಕಡೆಯ ಭಾಗ, ಹೃದಯ ಮತ್ತು ಹೊಟ್ಟೆಯ ಭಾರಕ್ಕೆ ಮುಚ್ಚಿಕೊಂಡಿರುತ್ತದೆ, ತಿರುಗಿಸಿದರೆ ಅದು ತೆರೆಯುತ್ತದೆ. 2013ರಲ್ಲಿ ಹೆಚ್ಚಾಗಿ ಫ್ರಾನ್ಸ್‌ನ ಐಸಿಯುಗಳಿಂದ ಬಂದ ಫಲಿತಾಂಶ ನೋಡಿ: ತೀವ್ರ ಎಆರ್‌ಡಿಎಸ್ ಇದ್ದವರನ್ನು ಒಂದೊಂದು ಸಲಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದಾಗ, 28 ದಿನದಲ್ಲಿ ಸತ್ತವರು ನೂರಕ್ಕೆ 33ರಿಂದ 16ಕ್ಕೆ ಇಳಿದರು. ಎಲ್ಲರಿಗೂ ಇದು ಬೇಕಾಗುವುದಿಲ್ಲ, ಬೆನ್ನುಮೂಳೆ ಮುರಿದವರಿಗೆ ಆಗುವುದೂ ಇಲ್ಲ. ಮಾಡುತ್ತಿಲ್ಲ ಅಂದರೆ ಕಾರಣ ಕೇಳಿ, ಅದು ನಿಮ್ಮ ಹಕ್ಕು.

'ದಿನಾ ನಿದ್ದೆ ಔಷಧಿ ನಿಲ್ಲಿಸಿ, ತಾವೇ ಉಸಿರಾಡುತ್ತಾರಾ ಅಂತ ನೋಡುತ್ತೀರಾ?' ಅಂತಲೂ ಕೇಳಿ. ಹಾಗೆ ಮಾಡಿದರೆ ಮಷಿನ್ ಬೇಗ ಬಿಡಬಹುದು ಅಂತ 2008ರ ಅಧ್ಯಯನದಲ್ಲಿ ಕಂಡಿತು.

ಎಚ್ಚರ ಆದಾಗ ರೋಗಿಗೆ ಹಗಲು ರಾತ್ರಿ ತಿಳಿಯದೆ ಗೊಂದಲ ಆಗುವುದು ಜಾಸ್ತಿ. ಒಳಗೆ ಬಿಟ್ಟಾಗ ಕೈ ಹಿಡಿದು, 'ಅಪ್ಪಾ, ಇವತ್ತು ಬುಧವಾರ, ಬೆಳಿಗ್ಗೆ ಆಗಿದೆ' ಅಂತ ಹೇಳಿ. ಮನೆಯಿಂದ ಅವರ ಕನ್ನಡಕ ತಂದು, ಒರೆಸಿ, ಹೆಸರು ಬರೆದು ಸಿಸ್ಟರ್ ಕೈಗೆ ಕೊಡಿ.