ಬಿದನೂರಿನ ಕಡತ: ಎರಡು ಕಾಲದ ಪ್ರೇಮಕಾದಂಬರಿ ಹೆಣೆದ ಬಗೆ

'ಇತಿಹಾಸ, ಪ್ರೇಮ, ಅದರ ಮೇಲೆ ಅತೀಂದ್ರಿಯ ಬೇರೆ. ಮೂರೂ ಒಂದೇ ಪುಸ್ತಕದಲ್ಲಿ ನಿಲ್ಲುವುದಿಲ್ಲ' ಅಂದವರೇ ಹೆಚ್ಚು. ನನ್ನ ಈ ಕಾದಂಬರಿಯ ಮೊದಲ ಐನೂರು ಪ್ರತಿ ಆರೇಳು ತಿಂಗಳಲ್ಲಿ ಖಾಲಿಯಾಗಿ ಎರಡನೇ ಮುದ್ರಣ ನಡೆದಿದೆ. ಹೆಣೆದ ಬಗೆಯನ್ನು ಈಗ ಹೇಳಬಹುದು.

ಹಳೆಯ ಎಳೆ 1763ರ ಬಿದನೂರು: ಹೈದರಾಲಿ ಊರು ಹಿಡಿದ ವರ್ಷ, ಕೆಳದಿಯ ರಾಣಿ ವೀರಮ್ಮಾಜಿಯ ಆಳ್ವಿಕೆಯ ಕೊನೆ. ಉಗ್ರಾಣದ ಮೆಣಸು, ಅಕ್ಕಿ ಲೆಕ್ಕ ಬರೆಯುವ ಕರಣಿಕ, ಅವನ ಕಡತ (ಬಟ್ಟೆಯ ಲೆಕ್ಕಪುಸ್ತಕ) ಓದಬಲ್ಲ ಹೆಣ್ಣು. ಹೊಸ ಎಳೆ ಇಂದಿನದು; ಅದೇ ಬಿದನೂರಿಗೆ ಈಗ ನಗರ ಎಂದು ಹೆಸರು. ಆ ಕಡತ ಮುಟ್ಟಿದರೆ ಬರೆದವನ ಕೈ ತನ್ನದಾಗುವ ಲಿಪಿತಜ್ಞೆ.

ಮೊದಲ ಕರಡು ಬಿದ್ದದ್ದು ಈ ಶಕ್ತಿಯಿಂದಲೇ. ಮುಟ್ಟಿದೊಡನೆ ಮುಖ, ಮಾತು, ಹೆಸರು ಎಲ್ಲ ಗೊತ್ತಾಗಿಬಿಟ್ಟರೆ ಹಳೆಯ ಎಳೆಗೆ ಕೆಲಸವೇ ಇರುವುದಿಲ್ಲ. ಓದುಗ ಒಂದೇ ಸಂಗತಿಯನ್ನು ಎರಡು ಸಲ ಓದಬೇಕು. ಕಣ್ಣು, ಕಿವಿ ಎರಡನ್ನೂ ಕಿತ್ತುಹಾಕಿದೆ. ಉಳಿದದ್ದು ಬಿಸಿ, ತೂಕ, ಬೆರಳಿನ ನಡುಕ. ಒಂದು ಸಲಕ್ಕೆ ನೂರೈವತ್ತು ಪದ ಮೀರಬಾರದು, ಇಡೀ ಪುಸ್ತಕದಲ್ಲಿ ಏಳೆಂಟು ಸಲ ಸಾಕು. ದಂಡವೂ ಉಂಟು: ಆಮೇಲೆ ಅರ್ಧ ದಿನ ಆ ಬೆರಳುಗಳು ಜೋಮು. ಸತ್ತವನ ಕೈ ತಿಳಿದ ದಿನ ಬದುಕಿರುವವನ ಕೈ ಹಿಡಿದರೂ ತಿಳಿಯದು. ಹೊಸ ಎಳೆಯ ಪ್ರೇಮಕ್ಕೆ ಬಿಗಿ ಬಂದದ್ದು ಇಲ್ಲಿಂದಲೇ.

ಕಡತ ಆರಿಸಿದ್ದೂ ಲೆಕ್ಕ ಹಾಕಿಯೇ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಕೆ ಮಾಡಿದ್ದು ಕಡತ. ಬಳಪದಲ್ಲಿ ಬರೆದು, ಒರೆಸಿ, ಮತ್ತೆ ಬರೆಯಬಹುದು. ತಾಳೆಗರಿಯಾದರೆ ಕಂಠದ (ಗರಿಯ ಮೇಲೆ ಕೊರೆದು ಬರೆಯುವ ಕಬ್ಬಿಣದ ಕಡ್ಡಿ) ಗೀರು ಅಲ್ಲೇ ಇರುತ್ತದೆ, ಯಾರಾದರೂ ಓದಬಹುದು. ಇಲ್ಲಿ ಒರೆಸಿದ್ದು ಕಣ್ಣಿಗೆ ಕಾಣದು. ಲಿಪಿತಜ್ಞೆಯ ಕೈಗೆ ಮಾತ್ರ ಸಿಗುತ್ತದೆ. ಮೆಣಸಿನ ಲೆಕ್ಕದಡಿ ಒರೆಸಿಹೋದ ಒಂದು ಸಾಲು: ಕಥೆ ನಿಂತಿರುವುದು ಅದರ ಮೇಲೆ. ಆ ಸಾಲನ್ನು ಓದುಗರ ಕಣ್ಣೆದುರೇ ಮೊದಲೆಲ್ಲಿ ಇಟ್ಟಿದ್ದೇನೆ ಅನ್ನುವುದನ್ನು ಹೇಳುವುದಿಲ್ಲ.

ತೇದಿಯಲ್ಲಿ ಎಡವುವವರು ಬಹಳ. ಇಸವಿ ತಿಳಿಯಲು ಶಕ ವರ್ಷಕ್ಕೆ 78 ಕೂಡಿಸಿ ಕೈತೊಳೆದುಕೊಂಡರೆ ಆಗದು. ಶಕ 1684, ಚಿತ್ರಭಾನು ಸಂವತ್ಸರದ ಮಾಘ ಅಂದರೆ 1762 ಅಲ್ಲ, 1763. ಇಸವಿ ಬದಲಾಗುವುದು ಪುಷ್ಯದ ಹೊತ್ತಿಗೆ, ಶಕ ಬದಲಾಗುವುದು ಯುಗಾದಿಗೆ. ಇದನ್ನೇ ತಿರುವು ಮಾಡಿಕೊಂಡೆ: ಒಂದು ಪಾತ್ರ 78 ಕೂಡಿಸಿ, ಕಡತ ಮುತ್ತಿಗೆಗಿಂತ ಹಿಂದಿನ ವರ್ಷದ್ದು ಎಂದು ಪಕ್ಕಕ್ಕಿಡುತ್ತದೆ. ಹಳೆಯ ಎಳೆಯಲ್ಲಿ ಗಂಟೆ, ನಿಮಿಷ ಇಲ್ಲ. ಗಳಿಗೆ ಅಂದರೆ 24 ನಿಮಿಷ, ಜಾವ ಅಂದರೆ ಮೂರು ತಾಸು. ಬೆಂಕಿಕಡ್ಡಿ, ಸೀಮೆಎಣ್ಣೆ ನುಸುಳದಂತೆ ಒಂದು ಓದು ಅದಕ್ಕೇ ಮೀಸಲು.

ಎರಡೂ ಎಳೆ ಜೊತೆಜೊತೆಗೆ ಬರೆದಾಗ ಇಬ್ಬರು ಹೆಂಗಸರೂ ಒಂದೇ ಧಾಟಿಯಲ್ಲಿ ಮಾತಾಡುತ್ತಿದ್ದರು. ಹಾಗಾಗಿ ಹಳೆಯದನ್ನು ಪೂರ್ತಿ ಮುಗಿಸಿ (ಸುಮಾರು ಮೂವತ್ತು ಸಾವಿರ ಪದ) ಆಮೇಲೆ ಹೊಸದು, ಅದಕ್ಕಿಂತ ತುಸು ಕಡಿಮೆ. ಹೆಣೆಯುವಾಗ ಎಕ್ಸೆಲ್ ಹಾಳೆಯಲ್ಲಿ ಒಂದು ಕಾಲಂ 'ಓದುಗನಿಗೆ ಗೊತ್ತು', ಇನ್ನೊಂದು 'ಅವಳಿಗೆ ಗೊತ್ತು'. ಎರಡೂ ಸಮವಾದ ಕಡೆ ಅಧ್ಯಾಯ ಸತ್ತಿರುತ್ತದೆ. ಹೊಸ ಅಧ್ಯಾಯ ಬಳೆಯಲ್ಲಿ ಮುಗಿದು ಹಳೆಯದು ಅದೇ ಬಳೆಯಿಂದ ಶುರುವಾಗುವ ಕೊಂಡಿ ಮೂರನೇ ಸಲಕ್ಕೇ ಹಳಸುತ್ತದೆ; ವಸ್ತುವನ್ನು ಎರಡು ಅಧ್ಯಾಯ ತಡವಾಗಿ ತನ್ನಿ.

ಹಳೆಯ ಎಳೆಗೆ ಹಳಗನ್ನಡ ಬಳಸಿ ನೋಡಿದ್ದೂ ಆಯಿತು. ನಾಲ್ಕು ಪುಟ ಚೆಂದ, ಐದನೆಯದಕ್ಕೆ ಓದುಗ ಎದ್ದುಹೋಗುತ್ತಾನೆ. ಅದಕ್ಕಿಂತ ಇಂಗ್ಲಿಷ್ ಪದ ಪೂರ್ತಿ ತೆಗೆದು ವಾಕ್ಯ ಉದ್ದ ಮಾಡಿದರೆ ಸಾಕು, ಕಾಲ ತಾನೇ ಬದಲಾಗುತ್ತದೆ. ಆಡಿಯೊಗೆ ಎರಡು ದನಿ ಇಟ್ಟು ಪರೀಕ್ಷಿಸಿದೆ. ಇಸವಿ ಹೇಳದೆಯೂ ಕೇಳುಗರು ದಾರಿ ತಪ್ಪಲಿಲ್ಲ.

ದುಡ್ಡು: ಸ್ವಂತ ಪ್ರಕಟಣೆ, ಅಂದಾಜು ಎಪ್ಪತ್ತು ಸಾವಿರ. ಅದರಲ್ಲಿ ಹತ್ತು ಸಾವಿರ ದಂಡ. ಹಳೆಯ ಎಳೆಗೆ ಬೇರೆ ಅಕ್ಷರವಿನ್ಯಾಸ ಬೇಕೆಂದು ಯೂನಿಕೋಡ್ ಪಠ್ಯವನ್ನು ಹಳೆಯ ಫಾಂಟಿಗೆ ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ ಪುಟವಿನ್ಯಾಸ ಮೊದಲಿಂದ ಮಾಡಬೇಕಾಯಿತು. ಎರಡನೇ ಮುದ್ರಣಕ್ಕೆ ಒಂದೇ ಯೂನಿಕೋಡ್ ಫಾಂಟು. ಹಳೆಯ ಅಧ್ಯಾಯಗಳ ಎಡ ಅಂಚು ಮಾತ್ರ ತುಸು ಹೆಚ್ಚು.