ಒಕ್ಕವನ್ನು ಫೈಲಿಗೆ ಇಳಿಸುವಾಗ

ವಂಶಾವಳಿಯನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ದಾಟಿಸಲು ಜೆಡ್‌ಕಾಮ್ ಎಂಬ ಮಾದರಿ 1984ರಿಂದಲೂ ಇದೆ. ಅಮೆರಿಕದ ಮಾರ್ಮನ್ ಚರ್ಚಿನವರು ಮಾಡಿದ್ದು. 2021ರಲ್ಲಿ ಅದರ 7.0 ಆವೃತ್ತಿ ಬಂತು. ನಮ್ಮ ಒಕ್ಕದ, ಅಂದರೆ ಕೊಡವರ ಮನೆತನದ, ವಂಶಾವಳಿ ನನ್ನ ಬಳಿ ಗ್ರಾಂಪ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿತ್ತು. ಅಮ್ಮನ ತಾಮನೆಯವರದು (ತವರಿನವರದು) ಬೇರೊಂದು ಸಾಫ್ಟ್‌ವೇರ್‌ನಲ್ಲಿ, ಭಾವನ ಕಡೆಯವರದು ಎಕ್ಸೆಲ್‌ನಲ್ಲಿ. ಕೊಡಗಿನಲ್ಲಿ ಮೂರು ಒಕ್ಕಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟರೆ ಎಷ್ಟೋ ಹೆಣ್ಣುಮಕ್ಕಳು ಎರಡೆರಡು ಕಡೆ ಕಾಣಿಸಿಕೊಳ್ಳುತ್ತಾರೆ. ಹಾಗಾಗಿ ಫೈಲು ಕೂಡಿಸುವ ಮೊದಲು ಏನನ್ನು ಹೇಗೆ ಬರೆಯಬೇಕು ಎಂದು ಮೂರೂ ಮನೆಯವರು ಕೂತು ಗೊತ್ತುಮಾಡಿಕೊಂಡೆವು.

ಹೆಸರು ಸುಲಭವಾಗಿ ಮುಗಿಯಿತು. ನಮ್ಮಲ್ಲಿ ಮನೆಹೆಸರು ಮೊದಲು: ಕೊಡಂದೇರ ಮಾದಪ್ಪ ಕಾರಿಯಪ್ಪ. ಜೆಡ್‌ಕಾಮ್‌ನಲ್ಲಿ ಮನೆಹೆಸರನ್ನು ಎರಡು ಓರೆಗೆರೆಗಳ ನಡುವೆ ಇಟ್ಟರೆ ಸಾಕು, ಅದು ಮುಂದಿದ್ದರೂ ನಡೆಯುತ್ತದೆ. ಆದರೆ ಕೊಡವ ತಕ್ಕಿನ (ಕೊಡವ ಭಾಷೆಯ) ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ, ಇಂಗ್ಲಿಷ್ ಸ್ಪೆಲ್ಲಿಂಗಂತೂ ಮನೆಗೊಂದು. ಆಯಾ ಒಕ್ಕದವರು ಬರೆಯುವ ರೂಪವೇ ಮುಖ್ಯ, ಉಳಿದವೆಲ್ಲ ಎರಡನೇ ಹೆಸರಿನ ಸಾಲಿಗೆ ಎಂದುಕೊಂಡೆವು.

ನಿಜವಾಗಿ ಹೊತ್ತು ಹಿಡಿದದ್ದು ಒಕ್ಕ. ಮಗುವನ್ನು ಸೇರಿಸಿದ ಕೂಡಲೇ ಎಷ್ಟೋ ಸಾಫ್ಟ್‌ವೇರ್‌ಗಳು ಅಪ್ಪನ ಮನೆಹೆಸರನ್ನು ತಾವೇ ತುಂಬಿಬಿಡುತ್ತವೆ. ನಮ್ಮಲ್ಲಿ ಹಾಗಾಗದ ಮದುವೆಗಳೂ ಇವೆ. ಮಕ್ಕಪರಿಜೆ ಎಂಬ ಮದುವೆಯಲ್ಲಿ ಗಂಡ ತನ್ನ ಒಕ್ಕದಲ್ಲೇ ಉಳಿಯುತ್ತಾನೆ, ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಒಕ್ಕಪರಿಜೆಯಲ್ಲಿ ಗಂಡನೇ ಹೆಂಡತಿಯ ಒಕ್ಕಕ್ಕೆ ಬರುತ್ತಾನೆ. ಯಾರ ಹೊಟ್ಟೆಯಲ್ಲಿ ಹುಟ್ಟಿದರು ಎಂಬುದು ಒಂದು, ಯಾವ ಐನ್‌ಮನೆಗೆ (ಒಕ್ಕದ ಮೂಲ ಮನೆಗೆ) ಸೇರಿದರು ಎಂಬುದು ಇನ್ನೊಂದು. ಎರಡನ್ನೂ ಮನೆಹೆಸರಿನ ಒಂದೇ ಖಾನೆಗೆ ತುರುಕಿದರೆ ಮುಂದೆ ಬಿಡಿಸಲಾಗದು.

ಅದಕ್ಕೆ ಒಕ್ಕವನ್ನು ಹೆಸರಿನಿಂದ ಬೇರ್ಪಡಿಸಿ, ದಿನಾಂಕವಿರುವ ಸಂಗತಿಯಾಗಿ ಬರೆದೆವು. ಅಂಡರ್‌ಸ್ಕೋರ್ ಹಾಕಿ ನಮ್ಮದೇ ಟ್ಯಾಗ್ (ಸಾಲಿನಲ್ಲಿರುವುದು ಏನೆಂದು ಹೇಳುವ ಗುರುತುಪದ) ಮಾಡಿಕೊಳ್ಳಬಹುದಿತ್ತು, ನಿಯಮದಲ್ಲಿ ಅವಕಾಶವಿದೆ. ಆದರೆ ಗುರುತಿಲ್ಲದ ಟ್ಯಾಗನ್ನು ಕೆಲವು ಸಾಫ್ಟ್‌ವೇರ್‌ಗಳು ಸದ್ದಿಲ್ಲದೆ ಬಿಸಾಡುತ್ತವೆ. ಹಾಗಾಗಿ ಮೊದಲೇ ಇರುವ ಫ್ಯಾಕ್ಟ್ ಟ್ಯಾಗನ್ನೇ ಬಳಸಿ, ಅದರ ಟೈಪಿಗೆ ‘ಒಕ್ಕ’ ಎಂದು ಕೊಟ್ಟೆವು. ಚೆಂದವಿಲ್ಲ, ಆದರೆ ಉಳಿಯುತ್ತದೆ.

ಆಮೇಲೆ ಎದ್ದ ಪ್ರಶ್ನೆ, ಮದುವೆಯಾದವಳ ತಾಮನೆಯ ಒಕ್ಕಕ್ಕೆ ಮುಗಿದ ದಿನಾಂಕ ಹಾಕಬೇಕೇ? ಕಂಪ್ಯೂಟರ್ ಕಲಿತವರೆಲ್ಲ ಹಾಕಬೇಕು ಎಂದರು. ಮದುವೆಯಂಥ ಕಾರ್ಯಗಳಲ್ಲಿ ಒಕ್ಕದ ಪರವಾಗಿ ಮಾತಾಡುವ ನಮ್ಮ ಅರುವರು ಒಪ್ಪಲಿಲ್ಲ. ಮದುವೆಯಲ್ಲಿ ಸಂಬಂಧ ಅಡ್ಕುವ ಶಾಸ್ತ್ರದಲ್ಲಿ 12 ಕಲ್ಲುಗಳಲ್ಲಿ 11 ಮಾತ್ರ ಗಂಡಿನ ಕಡೆಗೆ ಕೊಡುವುದು, ಒಂದು ತಾಮನೆಯಲ್ಲೇ ಉಳಿಯುತ್ತದೆ, ಅವಳ ಹಕ್ಕು ಪೂರ್ತಿ ಮುಗಿಯುವುದಿಲ್ಲ ಎಂದರು. ಅದನ್ನೇ ನಿಯಮ ಮಾಡಿದೆವು: ಹಳೆಯ ಸಾಲನ್ನು ಮುಚ್ಚದೆ ಮದುವೆಯ ದಿನಾಂಕದಿಂದ ಹೊಸ ಸಾಲು ಸೇರಿಸುವುದು.

‘ಪುತ್ತರಿ ಕಳೆದ ವಾರ ಹುಟ್ಟಿದ್ದು’ ಎಂಬಂಥ ದಿನಾಂಕಗಳಿಗೆ 7.0ರಲ್ಲಿ ಒಳ್ಳೆಯ ದಾರಿಯಿದೆ. ದಿನಾಂಕದ ಕೆಳಗೆ ಫ್ರೇಸ್ ಎಂಬ ಸಾಲಿನಲ್ಲಿ ಕೇಳಿದ ಮಾತನ್ನು ಹಾಗೆಯೇ ಇಡಬಹುದು. ಕಾವೇರಿ ಸಂಕ್ರಮಣವಾದರೆ ಅಕ್ಟೋಬರ್ 17ರ ಆಸುಪಾಸು ಎಂದು ಧೈರ್ಯವಾಗಿ ಬರೆಯಬಹುದು. ಪುತ್ತರಿ ನಕ್ಷತ್ರ ನೋಡಿ ಬರುವ ಹಬ್ಬ, ವರ್ಷ ತಿಳಿಯದೆ ದಿನ ಹೇಳಲಾಗದು. ಊರಿನ ಹೆಸರು ಘಟನೆ ನಡೆದ ಕಾಲದ್ದೇ ಇರಬೇಕು. 1950ರಲ್ಲಿ ಗೋಣಿಕೊಪ್ಪದಲ್ಲಿ ಹುಟ್ಟಿದವರು ಕೂರ್ಗ್ ರಾಜ್ಯದವರು. 1956ರ ನವೆಂಬರ್‌ವರೆಗೆ ಅದು ಮೈಸೂರಿಗೆ ಸೇರಿರಲಿಲ್ಲ, ಪೊನ್ನಂಪೇಟೆ ತಾಲ್ಲೂಕಂತೂ ಮೊನ್ನೆ ಮೊನ್ನೆಯದು.

ಅಜ್ಜನ ಹೆಸರು ಮೊಮ್ಮಗನಿಗೆ ಬರುವುದರಿಂದ ಹೆಸರು ನೋಡಿ ಫೈಲು ಜೋಡಿಸುವಂತಿಲ್ಲ. ಫೈಲಿನೊಳಗಿನ ಕ್ರಮಸಂಖ್ಯೆ ಆ ಫೈಲಿಗೆ ಮಾತ್ರ. ಪ್ರತಿಯೊಬ್ಬರಿಗೂ ಬದಲಾಗದ ಒಂದು ಯುಐಡಿ, ಅಂದರೆ ಅವರಿಗೊಬ್ಬರಿಗೇ ಸೇರಿದ ಗುರುತು, ಕೊಟ್ಟೆವು. ಬದುಕಿರುವವರ ಹೆಸರು, ಒಕ್ಕ ಬಿಟ್ಟು ಬೇರೇನೂ ಮನೆಯಿಂದ ಹೊರಗೆ ಹೋಗುವುದಿಲ್ಲ.

ಒಕ್ಕದ ಮೂಲಪುರುಷನಾದ ಗುರುಕಾರೋಣನ ವಿಷಯ ಮಾತ್ರ ಬಗೆಹರಿದಿಲ್ಲ. ಅವನಿಗೂ ನಮಗೆ ಹೆಸರು ಗೊತ್ತಿರುವ ಮೊದಲಿಗನಿಗೂ ನಡುವೆ ಎಷ್ಟು ತಲೆಮಾರು ಎಂದು ಯಾರೂ ಹೇಳಲಾರರು. ಆಧಾರವಿಲ್ಲದೆ ಅಪ್ಪ-ಮಗ ಎಂದು ಗೆರೆ ಎಳೆಯಲು ನಾನು ಒಪ್ಪಲಿಲ್ಲ. ಕೈಮಡದಲ್ಲಿ (ಪೂರ್ವಜರ ಗುಡಿಯಲ್ಲಿ) ಮೀದಿ (ಎಡೆ) ಇಡುವ ಹಿರಿಯರಿಗೆ, ಫೈಲಿನಲ್ಲಿ ಗುರುಕಾರೋಣನಿಗೆ ಮಕ್ಕಳೇ ಇಲ್ಲವಲ್ಲ ಎಂದು ಸಿಟ್ಟು. ಮುಂದಿನ ಕಾರಣಂಗ್ ಕೊಡ್ಪ ದಿನ, ಅಂದರೆ ಪೂರ್ವಜರಿಗೆ ಎಡೆ ಕೊಡುವ ದಿನ, ಎಲ್ಲರೂ ಸೇರಿದಾಗ ಮತ್ತೆ ಮಾತಾಡೋಣ ಎಂದಿದ್ದಾರೆ.