ಮದರಸಾದ ನಕ್ಷೆಯಲ್ಲಿ ಅಸಮಮಿತಿಯನ್ನು ಗುರುತಿಸಿದ ಬಗೆ

ಬೀದರಿನ ಮಹಮೂದ್ ಗವಾನ್ ಮದರಸಾದ ಅಳತೆ ನಕ್ಷೆ ಬರೆಯಲು ಅನುಮತಿ ದೊರೆತಾಗ, ಕಟ್ಟಿದವರೇ ಇರಿಸಿದ ಅಸಮಮಿತಿಯನ್ನೂ (ಎರಡು ಬದಿ ಒಂದಕ್ಕೊಂದು ಹೊಂದದಿರುವುದನ್ನೂ) ಆಮೇಲೆ ಬಂದೊದಗಿದ ಅಸಮಮಿತಿಯನ್ನೂ ಬೇರ್ಪಡಿಸಿ ತೋರಿಸಬೇಕೆಂದು ನಿಶ್ಚಯಿಸಿದ್ದೆ. ಬಹಮನಿ ರಾಜ್ಯದ ವಜೀರನಾಗಿದ್ದ ಗವಾನ್ 1472ರಲ್ಲಿ ಕಟ್ಟಿಸಿದ ಈ ಮೂರಂತಸ್ತಿನ ವಿದ್ಯಾಲಯದ ಪೂರ್ವ ಮುಖದಲ್ಲಿ ಉತ್ತರ ತುದಿಯ ಮಿನಾರು ಮಾತ್ರ ಉಳಿದಿದೆ. ದಕ್ಷಿಣ ತುದಿಯದು, ಮುಂಭಾಗದ ದೊಡ್ಡ ಪಾಲಿನೊಡನೆ, 17ನೆಯ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಉರುಳಿತು.

ಕಟ್ಟಡ ಅಸಮಮಿತವೆಂದು ಹೇಳಿದರೆ ಸಾಲದು, ಯಾವ ಅಕ್ಷಕ್ಕೆ, ಅಂದರೆ ಯಾವ ನಡುಗೆರೆಗೆ, ಎಂಬುದನ್ನೂ ಹೇಳಬೇಕು. ಉತ್ತರ, ದಕ್ಷಿಣ ಮತ್ತು ಪಶ್ಚಿಮ ಬದಿಗಳ ನಡುವೆ ಅರ್ಧ ಅಷ್ಟಕೋನದ ಗುಮ್ಮಟದ ಕೋಣೆಗಳು ಹೊರಚಾಚಿವೆ, ಪೂರ್ವದಲ್ಲಿ ಅದರ ಬದಲು ಪ್ರವೇಶದ್ವಾರ. ಹೀಗಾಗಿ ಉತ್ತರ–ದಕ್ಷಿಣವಾಗಿ ಎಳೆದ ಗೆರೆಯ ಎರಡೂ ಬದಿ ಮೊದಲಿನಿಂದಲೂ ಹೊಂದುವುದಿಲ್ಲ. ಪೂರ್ವ–ಪಶ್ಚಿಮದ ಗೆರೆಗೆ ಮಾತ್ರ ಹೊಂದಿಕೆ ಇತ್ತು, ಸ್ಫೋಟ ಕೆಡಿಸಿದ್ದು ಅದನ್ನೇ.

ಪೂರ್ವ ಮುಖ ಮುರಿದಿರುವುದರಿಂದ ಅಕ್ಷವನ್ನು ಅಲ್ಲಿಂದ ಹಿಡಿಯುವಂತಿರಲಿಲ್ಲ. ಪಶ್ಚಿಮದ ನಡುಕಮಾನಿನ ಮಧ್ಯಬಿಂದುವಿನಿಂದ ದಾರ ಎಳೆದು, ಅಂಗಳದ ಉತ್ತರ, ದಕ್ಷಿಣ ಗೋಡೆಗಳ ನಡುವಿನ ಅಗಲವನ್ನು ಹಲವೆಡೆ ಅಳೆದು, ಅರ್ಧಬಿಂದುಗಳು ದಾರದ ಮೇಲೆ ಬೀಳುತ್ತವೆಯೇ ಎಂದು ಪರೀಕ್ಷಿಸಿದೆ. ಸಂರಕ್ಷಿತ ಸ್ಮಾರಕದಲ್ಲಿ ಗೂಟ ಹೊಡೆಯುವಂತಿಲ್ಲವಾದ್ದರಿಂದ ದಾರದ ತುದಿಗಳಿಗೆ ಮರಳಿನ ಚೀಲಗಳನ್ನು ಕಟ್ಟಿದ್ದೆ. ಅನಂತರ ಗೆರೆಯಿಂದ ಎರಡೂ ಕಡೆಯ ಕಂಬ, ಕಮಾನುಗಳಿಗೆ ಇರುವ ದೂರವನ್ನು ಒಂದೇ ಸಾಲಿನಲ್ಲಿ ಎಡ–ಬಲವಾಗಿ ಬರೆದುಕೊಂಡೆ.

ಇಲ್ಲಿ ಎಚ್ಚರ ಬೇಕಾದದ್ದು ಸಣ್ಣ ವ್ಯತ್ಯಾಸಗಳ ವಿಷಯದಲ್ಲಿ. ಟೇಪು ಜೋತರೂ, ಗಚ್ಚು ಉದುರಿದ ಅಂಚನ್ನು ಹಿಡಿದರೂ ಅಳತೆ ಬದಲಾಗುತ್ತದೆ. ಆದ್ದರಿಂದ ಒಂದೇ ದೂರವನ್ನು ಬೇರೆ ಬೇರೆ ಹೊತ್ತಿನಲ್ಲಿ ಅಳೆದು, ಆ ಅಳತೆಗಳ ನಡುವೆಯೇ ಬರುವ ಅಂತರವನ್ನು ಮಿತಿಯಾಗಿಟ್ಟುಕೊಂಡೆ. ಅದಕ್ಕಿಂತ ಕಡಿಮೆಯಾದುದನ್ನು ಅಸಮಮಿತಿಯೆಂದು ಎಣಿಸಲಿಲ್ಲ. ಎಡ–ಬಲದ ಅಂಕಿಗಳು ಒಂದಿಷ್ಟು ತಪ್ಪಿದೊಡನೆ ಅದರಲ್ಲಿ ಶಿಲ್ಪಿಯ ಗೂಢ ಉದ್ದೇಶವನ್ನು ಕಾಣುವ ಚಪಲ ನನಗೆ ಹಿಡಿಸುವುದಿಲ್ಲ.

ಬಿದ್ದ ಭಾಗವನ್ನು ತುಂಬಲು ಉತ್ತರಾರ್ಧವನ್ನು ಟ್ರೇಸಿಂಗ್ ಕಾಗದದ ಮೇಲೆ ತೆಗೆದು, ಅಕ್ಷದ ಗೆರೆಯಲ್ಲಿ ಮಗುಚಿ, ದಕ್ಷಿಣದಲ್ಲಿ ಚುಕ್ಕೆಗೆರೆಯಿಂದ ಎಳೆದೆ. ಗಟ್ಟಿ ಗೆರೆ ಕಣ್ಣಿಗೆ ಕಾಣುವುದಕ್ಕೆ ಮಾತ್ರ ಮೀಸಲು. ಮಿನಾರು, ಕಮಾನುಗಳಿಗೆ ಈ ವಿಧಾನ ಸರಿಹೋಯಿತು. ಮುಖಭಾಗದ ಬಣ್ಣದ ಹೆಂಚುಗಳ ಮೇಲಿನ ಕುರಾನಿನ ಬರಹಕ್ಕೆ ಇದು ನಡೆಯದು: ಬಲದಿಂದ ಎಡಕ್ಕೆ ಸಾಗುವ ಲಿಪಿಯನ್ನು ಮಗುಚಿದರೆ ಓದಲು ಬಾರದ ಅಕ್ಷರ ಉಳಿಯುತ್ತದೆ. ಆದ್ದರಿಂದ ದಕ್ಷಿಣಾರ್ಧದಲ್ಲಿ ಬರಹದ ಪಟ್ಟಿಯ ಅಗಲವನ್ನಷ್ಟೇ ಗುರುತಿಸಿ ಒಳಭಾಗವನ್ನು ಖಾಲಿ ಬಿಟ್ಟೆ.